ಪಲ್ಲವಿಗೆ ಬಂದು ಕುಳಿತ ಚೌಡವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಚೌಡವ್ವ ಆಗಲೇ ಕುಣಿಮಗ್ಗಕ್ಕೆ ಕಾಲಿಳಿಸಿ ಕುಳಿತಿದ್ದಾಳೆ. ಕೈ ಹಗ್ಗ ಜಗ್ಗುತ್ತದೆ, ಲಾಳಿ ಅತ್ತಿಂದಿತ್ತ ಓಡುತ್ತದೆ, ಬಾಯಿ ಮಾತ್ರ ಬೇರೆಯೇ ಕೆಲಸದಲ್ಲಿದೆ. ಒಂದು ಸಾಲು ಹೇಳುತ್ತಾಳೆ, ಮುಖ ಕಿವುಚುತ್ತಾಳೆ, ಅದನ್ನೇ ತಿರುವಿ ಮತ್ತೆ ಹೇಳುತ್ತಾಳೆ. ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿರುವ ಗಂಡ ವೀರಪ್ಪ ತಲೆ ಎತ್ತದೆ ಚುಚ್ಚುತ್ತಾನೆ.

“ಆ ಸಾಲು ನಿನ್ನೆನೂ ಬರಲಿಲ್ಲ, ಇವತ್ತೂ ಬರಲಿಲ್ಲ. ಸೀರಿನರ ಮುಗಸ.”

“ನೀವು ನೂಲು ಸುತ್ತರಿ. ಹಾಡು ಸುತ್ತಾಕ ನಾ ಅದೀನಿ.”

ರೋಣ, ನರಗುಂದದ ಕಡೆ ಈಚೆಗೆ ಮದುವೆ ಮಾಡಿದ ಯಾರನ್ನಾದರೂ ಕೇಳಿ, ‘ಚಾ ಆರಿ ಹೋತ ಕಪ್ಪಿನಾಗ, ಮುನಿಸ್ಯಾಕ ಮಾವಾ ಮುಂಜಾನಿ’ ಎಂಬ ಹಾಡಿಲ್ಲದೆ ಮೆರವಣಿಗೆ ಮುಂದೆ ಸರಿದಿರುವುದಿಲ್ಲ. ಕುಣಿದವರಿಗೆಲ್ಲ ಹಾಡು ಗೊತ್ತು. ಕಟ್ಟಿದವಳು ಈ ಕುಣಿಯಲ್ಲಿ ಕುಳಿತಿದ್ದಾಳೆ ಎಂಬುದು ಗೊತ್ತಿಲ್ಲ.

ಚೌಡವ್ವ ಹಾಡು ಕಲಿತದ್ದು ತವರಿನ ಗೋಡೆಗೆ ತೂಗುಹಾಕಿದ್ದ ರೇಡಿಯೊದಿಂದ. ಸಿನಿಮಾ ಹಾಡಿನ ಧಾಟಿ ಎತ್ತಿಕೊಳ್ಳುವುದು, ಮಾತು ಮರೆತಲ್ಲಿ ತನ್ನವನ್ನು ತುಂಬುವುದು. “ಖರೇ ಹೇಳ್ಬೇಕಂದ್ರ ಅವರ ಮಾತಿಗಿಂತ ನನ್ನವ ಚಲೋ ಇರ್ತಿದ್ವು,” ಎನ್ನುತ್ತಾಳೆ, ಕಿಂಚಿತ್ತೂ ಸಂಕೋಚವಿಲ್ಲದೆ. ಆಮೇಲೆ ಧಾಟಿಯೂ ಸ್ವಂತದ್ದಾಯಿತು.

ಈ ಮನೆಯಲ್ಲಿ ಒಂದು ಕಟ್ಟಳೆಯಿದೆ. ಸೀರೆಯ ಜೊತೆಗೆ ಶುರುವಾದ ಹಾಡು ಆ ಸೀರೆಯ ಜೊತೆಗೇ ಮುಗಿಯಬೇಕು. ಸೀರೆ ಮಗ್ಗದಿಂದ ಇಳಿದ ಹೊತ್ತಿಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಚೌಡವ್ವ ಪೂರ್ತಿ ಹಾಡುತ್ತಾಳೆ. ಅದಕ್ಕೂ ಮೊದಲು ಇಡೀ ಹಾಡು ಯಾರಿಗೂ ಕೇಳಿಸುವುದಿಲ್ಲ. ಕೊನೆಯ ನುಡಿಯಲ್ಲಿ ಅವಳ ಹೆಸರು. ಅಪ್ಪನ ಭಜನಾ ಮೇಳದಲ್ಲಿ ಕಂಡ ಪದ್ಧತಿ ಅದು. ಪದ ಕಟ್ಟಿದವರ ಹೆಸರು ಕಡೆಗೇ ಬರುತ್ತಿತ್ತು.

ಏಟು ಬಿದ್ದದ್ದು ಅಲ್ಲೇ. ಚಹಾದ ಹಾಡನ್ನು ಮೊದಲು ವೇದಿಕೆಗೆ ಒಯ್ದವನು ರಾಜೂರಿನ ಗಾಯಕ ಕೊಟ್ರೇಶ. ಅವನಿಂದ ಅದು ಸಿನಿಮಾಕ್ಕೆ ಹೋಯಿತು. ಹಾಡು ಉದ್ದವಾಯಿತೆಂದು ಸಿನಿಮಾದವರು ಕೊನೆಯ ನುಡಿಗೆ ಕತ್ತರಿ ಹಾಕಿದರು. ‘ಗಜೇಂದ್ರಗಡದ ಚೌಡಿ ಹೇಳತಾಳ’ ಎಂಬ ಸಾಲು ನೆಲಕ್ಕೆ ಬಿತ್ತು. ಪರದೆಯ ಮೇಲೆ ‘ಸಾಹಿತ್ಯ: ಜಾನಪದ’ ಎಂದು ಬಂತು.

“ಜಾನಪದ ಅಂದ್ರ ಯಾರು ಕಟ್ಯಾರಂತ ಗೊತ್ತಿಲ್ಲದ ಹಾಡಂತ,” ಎನ್ನುತ್ತಾಳೆ ಚೌಡವ್ವ. “ನನಗ ಗೊತ್ತೈತಲ್ಲ? ಕಟ್ಟಿದಾಕಿ ಇನ್ನೂ ಉಣ್ಣಾಕತ್ತಾಳ, ತಿನ್ನಾಕತ್ತಾಳ!”

“ಜಗಳಾನೂ ಮಾಡಾಕತ್ತಾಳ,” ವೀರಪ್ಪ ಸೇರಿಸುತ್ತಾನೆ.

ಅದೇ ಸಿನಿಮಾದವರು ಆಮೇಲೆ ಇನ್ನೊಂದು ಹಾಡು ಕೇಳಿದರು. ಈ ಸಲವೂ ಹೆಸರು ಹೋದರೆ ತಾನಿನ್ನು ಹೊರಗಿನವರಿಗೆ ಹಾಡು ಕೊಡುವುದಿಲ್ಲ ಎಂದು ಚೌಡವ್ವ ಮನೆಯಲ್ಲಿ ಹೇಳಿಬಿಟ್ಟಳು. ಹಾಗಂತ ಅವರ ಬಾಗಿಲಿಗೆ ಹೋಗಿ ಕೇಳುವ ಪೈಕಿಯಲ್ಲ. ಹೆಸರನ್ನು ಕೊನೆಯಿಂದ ಎತ್ತಿ ಪಲ್ಲವಿಗೇ ತಂದು ಕೂರಿಸಿದಳು:

ಕೇಳ ಚೌಡಿ, ಅಂವನ ಗಾಡಿ
ಬಂತೇನ ರೋಣದ ದಾರ್ಯಾಗ

ಕೊಟ್ರೇಶ ಹಾಡು ಒಯ್ಯಲು ಬಂದಾಗ ಮಗ್ಗದ ಪಕ್ಕದಲ್ಲೇ ವ್ಯಾಜ್ಯ ನಡೆಯಿತು.

“ಚಿಗವ್ವ, ‘ಕೇಳ ಗೆಳತಿ’ ಅಂತ ಮಾಡೂಣಲ್ಲ? ಅವರು ಹೆಸರು ಬ್ಯಾಡಂತಾರ.”

“ಗೆಳತಿ ಅಂದ್ರ ಗಾಡಿಗೆ ಜೋಡಿ ಎಲ್ಲಿಂದ ತರ್ತಿಯೋ?”

“ಗಾಡಿನೂ ತಗದ್ರಾತು.”

“ಗಾಡಿ ತಗದ್ರ ಅಂವ ನಡಕೊಂತ ಬರ್ಬೇಕು. ನಿಮ್ಮ ಸಿನಿಮಾ ಮುಗಿಯೂದರಾಗ ಊರು ಮುಟ್ಟೂದಿಲ್ಲ.”

ಕೊಟ್ರೇಶ ನಕ್ಕ, ಆದರೆ ಮಾತು ಕೊಡಲಿಲ್ಲ. ಅವನು ಹೋದ ಮೇಲೆ ಚೌಡವ್ವ ಬಹಳ ದಿನ ಹಾಡು ಕಟ್ಟಲಿಲ್ಲ. ಹೊಸ ಸೀರೆಯನ್ನು ಬಾಯಿ ಮುಚ್ಚಿಕೊಂಡು ನೇಯ್ದಳು. ಓಣಿಯವರು ಬೇರೆ ಕಾಡಿದರು. “ಹಾಡಿನ ತುಂಬ ನಿನ್ನ ಹೆಸರಂತಲ್ಲವಾ, ಭಾಳ ದೊಡ್ಡಾಕಿ ಆದಿ ಬಿಡು!” ಅದು ನಾಟಿತ್ತು. “ನಾಚಿಕಿ ಬರ್ತಿತ್ರಿ,” ಎಂದು ಈಗ ಒಪ್ಪುತ್ತಾಳೆ. “ಮೊದಲಿಗೇ ನನ್ನ ಹೆಸರು ನಾನ ಕೂಗೂದಂದ್ರ? ಮಂದಿ ನಡುವ ನುಗ್ಗಿ ಮುಂದ ಕುಂತಂಗ. ಆದ್ರ ಹಿಂದ ಕುಂತಾಗ ಎಬ್ಬಿಸಿ ಹೊರಗ ಹಾಕಿದ್ರಲ್ಲ.”

ನಾವು ಮಾತನಾಡುತ್ತಿರುವಾಗಲೇ ಕೊಟ್ರೇಶ ಬಾಗಿಲಲ್ಲಿ ನಿಂತಿದ್ದಾನೆ. ಹಾಡು ಹೊರಬಂದಿದೆ. ಅವನು ಫೋನ್ ಮುಂದೆ ಹಿಡಿಯುತ್ತಾನೆ. ಲಾಳಿ ನಿಲ್ಲುತ್ತದೆ. ಡೊಳ್ಳು, ಗಿಟಾರು, ಆಮೇಲೆ ಎತ್ತರದ ಹೆಣ್ಣುದನಿ: ಕೇಳ ಚೌಡಿ. ತೆಗೆದಿಲ್ಲ. ಪಲ್ಲವಿ ಬಂದಲ್ಲೆಲ್ಲ ಚೌಡಿ ಬರುತ್ತಾಳೆ.

“‘ಗೆಳತಿ’ ಹಾಕಿ ಹಾಡಿಸಿ ನೋಡಿದ್ರು,” ಎನ್ನುತ್ತಾನೆ ಕೊಟ್ರೇಶ. “ಆ ಹಾಡೂ ಹುಡುಗೀನ ಒಲ್ಲೆ ಅಂದ್ಳು. ಆ ಚೌಡಿ ಯಾರಂತ ಕೇಳಿದ್ಳು, ಹೇಳಿದ್ನಿ. ಕೆಳಗ ಏನ್ ಬರದಾರ ಓದರಿ.”

ಚೌಡವ್ವನಿಗೆ ಕನ್ನಡಕ ಸಿಗುವುದಿಲ್ಲ. ವೀರಪ್ಪ ಫೋನ್ ಇಸಿದುಕೊಂಡು ಓದುತ್ತಾನೆ: “ಸಾಹಿತ್ಯ, ಚೌಡವ್ವ, ಗಜೇಂದ್ರಗಡ.” ಇನ್ನೊಮ್ಮೆ, ಪಕ್ಕದ ಮನೆಗೂ ಕೇಳುವಂತೆ ಓದುತ್ತಾನೆ.

ಚೌಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹಗ್ಗ ಹಿಡಿಯುತ್ತಾಳೆ. “ಮುಂದಿನ ಹಾಡಿನಾಗ ಹೆಸರು ಮತ್ತ ಕಡೀಕ ಹಾಕತೀನಿ,” ಎನ್ನುತ್ತಾಳೆ.

“ಚಿಗವ್ವ, ಮತ್ತ ಕತ್ತರಿ ಬಿದ್ರ?”

“ಕತ್ತರಿ ಹಿಡದವರಿಗೆ ನಾ ಯಾರಂತ ಗೊತ್ತಾತಲ್ಲೋ. ಹಾಡು ಮುಂದ ಹೋಗಲಿ. ಹಿಂದಿಂದ ನಾ ಬರ್ತೀನಿ.”