ಮೂರನೇ ಟ್ರಯಲ್ ರೂಮಿನ ಕಾಲರಕ್ಕ

ಊರಿನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಮೊದಲ ಟ್ರಿಪ್ಪಿನ ಸಿಟಿ ಬಸ್ಸು ತಿರುವಿನಲ್ಲಿ ನಿಲ್ಲುತ್ತದೆ, ಒಬ್ಬ ಹೆಂಗಸು ಇಳಿಯುತ್ತಾರೆ. ಇಳಿದವರು ಡ್ರೈವರ್ ಕಡೆ ತಿರುಗಿ, "ಡಬ್ಬಿ ಸೀಟಿನ ಕೆಳಗಿದೆ. ನಿನ್ನೆ ಥರ ತುಂಬಿದ್ದು ತುಂಬಿದ ಹಾಗೇ ಮನೆಗೆ ತರಬೇಡಿ" ಅನ್ನುತ್ತಾರೆ. ಡ್ರೈವರ್ ಬೇರೆ ಯಾರೂ ಅಲ್ಲ, ಅವರ ಗಂಡ. ಇವರ ಹೆಗಲಲ್ಲಿ ಇವತ್ತು ಎಂದಿಗಿಂತ ದೊಡ್ಡದೊಂದು ಚೀಲವಿದೆ, ಅದರೊಳಗೆ ಏನೂ ಇಲ್ಲ. ಬಟ್ಟೆ ಅಂಗಡಿಯ ಕಾವಲಿನ ಅಜ್ಜ ಪಕ್ಕದ ಬಾಗಿಲು ತೆಗೆದು, ಚೀಲ ನೋಡಿಯೂ ನೋಡದವರಂತೆ ಪಕ್ಕಕ್ಕೆ ಸರಿಯುತ್ತಾರೆ.

ಅಂಗಡಿಗೆ ದೊಡ್ಡ ಹೆಸರೇನಿಲ್ಲ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬೂದು ಬಣ್ಣದ ಸ್ಕರ್ಟು, ಸಾದಾ ಟೀ ಶರ್ಟು: ನಾಳೆ ಇಂಟರ್‌ವ್ಯೂ ಇದೆ ಎಂದು ಇವತ್ತು ಓಡಿಬರುವವರ ಕೈಗೆಟುಕುವ ಬಟ್ಟೆಗಳು. ಹಿಂದಿನ ಗೋಡೆಗೆ ಮೂರು ಟ್ರಯಲ್ ರೂಮುಗಳಿವೆ. ಮೊದಲ ಎರಡರಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡುತ್ತಾರೆ. ಮೂರನೆಯದರಲ್ಲಿ ಒಂದು ಹೊಲಿಗೆ ಮೆಷಿನ್, ಒಂದು ಸ್ಟೂಲು, ಒಂದು ಇಸ್ತ್ರಿ ಪೆಟ್ಟಿಗೆ ಮತ್ತು ಅವುಗಳ ನಡುವೆ ಹೇಗೋ ಹಿಡಿಸುವ, ಈಗಷ್ಟೇ ಬಸ್ಸಿಳಿದು ಬಂದ ಕಾಲರಕ್ಕ.

ಹೆಸರು ಯಾರಿಟ್ಟರೋ, ಈಗ ಕಾವಲಿನ ಅಜ್ಜನೂ ಹಾಗೇ ಕರೆಯುತ್ತಾರೆ. ಬಿಳಿ ಅಂಗಿಯ ಕಾಲರು ಕುತ್ತಿಗೆಯ ಹತ್ತಿರ ಸವೆದು ನೂಲು ಬಿಟ್ಟರೆ, ಹೊಲಿಗೆ ಬಿಚ್ಚಿ, ಮಗುಚಿ, ಸವೆದದ್ದನ್ನು ಒಳಗೆ ಹಾಕಿ ಮತ್ತೆ ಹೊಲಿಯುವುದು ಅವರ ಮುಖ್ಯ ಕಸುಬು. ಜೊತೆಗೆ ವಿಪರೀತ ಅಗಲವಿದ್ದ ಪ್ಯಾಂಟಿನ ಕಾಲು ಕಿರಿದು ಮಾಡುವುದು, ಹಳೆಯ ಉದ್ದ ಸ್ಕರ್ಟಿಗೆ ಮೊಣಕಾಲಿನ ಅಳತೆ ಕೊಟ್ಟು ಹೊಸ ಗುಂಡಿ ಹಾಕುವುದು.

"ಅಂಗಿ ಪಾಪ ಏನೂ ಆಗಿರಲ್ಲ, ಕಾಲರ್ ಒಂದು ಹೋಗಿರುತ್ತೆ" ಎಂದು ಅವರು ಹಲ್ಲಿನಿಂದ ನೂಲು ಕತ್ತರಿಸುತ್ತಾರೆ. "ಅಷ್ಟಕ್ಕೇ ಜನ ಅದನ್ನ ನೆಲ ಒರೆಸೋಕೆ ಹಾಕ್ಬಿಡ್ತಾರೆ. ನಂಗೆ ಹೊಟ್ಟೆ ಉರಿಯುತ್ತೆ."

ಮೂರನೇ ರೂಮಿನ ಚಿಲಕ ಮುರಿದು ಯಾವ ಕಾಲವಾಯಿತೋ. ಪ್ಯಾಂಟು ಹಿಡಿದ ಗಂಡಸರು ದಡಕ್ಕನೆ ಬಾಗಿಲು ತೆಗೆದು, ಒಳಗೆ ಕೂತವರನ್ನು ಕಂಡು, ಬೆವರಿಕೊಂಡು ಓಡುತ್ತಾರೆ. "ಒಬ್ಬರಂತೂ ನನ್ನನ್ನ ನೋಡಿ, ಪರವಾಗಿಲ್ಲ, ನೀವು ಮುಗಿಸಿ ಬನ್ನಿ ಅಂತ ಆಚೆ ಕಾಯ್ತಾ ನಿಂತಿದ್ರು. ನಾನು ಮುಗಿಸೋದು ಸಂಜೆಗೆ!" ಎಂದು ನಗುತ್ತಾರೆ. ಹೊಸ ಚಿಲಕ ಕೇಳಲಿಲ್ಲವೇ ಎಂದರೆ ನಗು ತುಸು ಇಳಿಯುತ್ತದೆ. "ಇರ್ತೀನೋ ಇಲ್ವೋ, ಚಿಲಕ ಏನಂತ ಕೇಳೋದು?"

ಕಾಲರಕ್ಕ ಮೊದಲು ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಅವರ ಸಾಲಿಗೆ ಬರುತ್ತಿದ್ದದ್ದು ಕಾಲರು, ಕಾಲರು, ಮತ್ತೆ ಕಾಲರು. ವರ್ಷಗಟ್ಟಲೆ ದುಡಿದರೂ ಒಂದು ಇಡೀ ಅಂಗಿಯನ್ನು ಮುಟ್ಟಿ ನೋಡಿರಲಿಲ್ಲ. ಕಾರ್ಖಾನೆ ಬಾಗಿಲು ಹಾಕಿದ ದಿನ, ಕೈಯಲ್ಲಿ ಕಸುಬಿದೆ ಅಂದುಕೊಂಡಿದ್ದವರಿಗೆ ಕಾಲರೊಂದೇ ಇದೆ ಎಂದು ಗೊತ್ತಾಯಿತು. ಕೆಲಸ ಕೇಳಿದ ಕಡೆಯೆಲ್ಲ ಪೂರ್ತಿ ಅಂಗಿ ಹೊಲಿಯುತ್ತೀರಾ ಎಂದರು. ಮನೆಯಲ್ಲಿ ಕೂತು ಗಂಡನ ಯೂನಿಫಾರಂ ಮೇಲೆ ತೋಳು ಕಲಿತರು. ಒಂದು ತೋಳು ಗಿಡ್ಡವಾಯಿತು. ಪುಣ್ಯಾತ್ಮ ತುಟಿ ಪಿಟಕ್ಕೆನ್ನದೆ ಎರಡೂ ತೋಳು ಮಡಚಿಕೊಂಡು ಬಸ್ಸು ಓಡಿಸಿದರು.

ಮೂರನೇ ರೂಮು ಕೊಟ್ಟವರು ಅಂಗಡಿಯ ಮಾಲೀಕರು. ಮಂಡಿನೋವಿನಿಂದ ಅವರು ಮನೆ ಹಿಡಿದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಅವರ ಮಗಳು, ಎಲ್ಲರ ಬಾಯಲ್ಲಿ ಚಿಕ್ಕ ಮೇಡಂ. ಚುರುಕಿನ ಹುಡುಗಿ. ಬಂದ ಕೆಲವೇ ದಿನಕ್ಕೆ ಮೆತ್ತಗೆ ಹೇಳಿದರು: "ಅಕ್ಕ, ತಪ್ಪು ತಿಳ್ಕೋಬೇಡಿ. ಶನಿವಾರ ಎರಡು ರೂಮಿಗೆ ಕ್ಯೂ ನಿಲ್ಲುತ್ತೆ, ಕಾದು ಕಾದು ಜನ ಹೊರಟೋಗ್ತಾರೆ. ಈ ತಿಂಗಳು ಕಳೀಲಿ, ಆ ರೂಮು ಬಿಟ್ಟುಕೊಡಿ." ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಕಾಲರಕ್ಕನಿಗೆ ಜಗಳವಾಡಲೂ ದಾರಿ ಸಿಗಲಿಲ್ಲ.

ಇವತ್ತು ತಿಂಗಳ ಕೊನೆಯ ದಿನ. ಖಾಲಿ ಚೀಲ ಕತ್ತರಿ, ಟೇಪು, ನೂಲಿನ ಉಂಡೆಗಳನ್ನು ಮನೆಗೆ ಒಯ್ಯಲಿಕ್ಕೆ.

ಇದರ ನಡುವೆ ಒಂದು ಎಡವಟ್ಟು ಬೇರೆ ಆಗಿದೆ. ಅಂಗಡಿಯಲ್ಲಿ ಹಳೆಯ ಮಾಲೀಕರ ಕಾಲದಿಂದ ಒಂದು ರೂಢಿಯಿದೆ: ಒಳಮೈ ಹೊರಗೆ ಮಾಡಿ ತೂಗುಹಾಕಿದ ಬಟ್ಟೆ ಕಾಲರಕ್ಕನದು, ನೆಟ್ಟಗಿದ್ದದ್ದು ಮಾರಾಟದ್ದು. ಚೀಟಿ ಬೇಡ, ಮಾತು ಬೇಡ. ಇದನ್ನು ಚಿಕ್ಕ ಮೇಡಂಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಎರಡು ವಾರದ ಹಿಂದೆ ಹೊಸ ಬಿಳಿ ಅಂಗಿಗಳ ಕಟ್ಟು ಬಂದಿತ್ತು. ಕಾಲರಿನ ಮೂಲೆಗಳು ಎದೆಯವರೆಗೆ ಚೂಪಾಗಿ ಇಳಿದಿದ್ದವು. "ಇದನ್ನ ಈಗ ಯಾರು ಹಾಕ್ತಾರೆ ಮೇಡಂ? ಮೂಲೆ ಕತ್ತರಿಸಿ ಚಿಕ್ಕದು ಮಾಡಿದ್ರೆ ಮಾರಾಟ ಆಗುತ್ತೆ" ಎಂದಿದ್ದರು ಕಾಲರಕ್ಕ. ಚಿಕ್ಕ ಮೇಡಂ "ನೋಡೋಣ" ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಮಾಲು ವಾಪಸ್ ಕಳಿಸುವುದು. ಹೊಲಿಗೆ ಹೇಗಿದೆಯೆಂದು ನೋಡಲು ಅಂಗಿಗಳನ್ನೆಲ್ಲ ಒಳಮೈ ಹೊರಗೆ ಮಾಡಿ, ಸ್ಟ್ಯಾಂಡಿಗೆ ಹಾಗೇ ತೂಗುಹಾಕಿ ಮನೆಗೆ ಹೋದರು.

ಮರುದಿನ ವಾರದ ರಜೆ. ರಜೆಯಲ್ಲೂ ಬರುವ ಕಾಲರಕ್ಕ ಸ್ಟ್ಯಾಂಡ್ ನೋಡಿ ಹಿಗ್ಗಿಹೋದರು. ತಮ್ಮ ಮಾತಿಗೆ ಬೆಲೆ ಬಂತಲ್ಲ ಎಂದು, ಊಟ ಬಿಟ್ಟು, ಕತ್ತಲಾಗುವವರೆಗೆ ಅಷ್ಟೂ ಕಾಲರುಗಳ ಮೂಲೆ ಕತ್ತರಿಸಿ, ಚಿಕ್ಕದು ಮಾಡಿ, ಇಸ್ತ್ರಿ ಹಾಕಿ, ನೆಟ್ಟಗೆ ತೂಗುಹಾಕಿದರು.

ಮರುಬೆಳಿಗ್ಗೆ ಮಾಲು ಒಯ್ಯಲು ಟೆಂಪೋ ಬಂದು ನಿಂತಿತು. ಚಿಕ್ಕ ಮೇಡಂ ಸ್ಟ್ಯಾಂಡಿನ ಮುಂದೆ ಬಿಳಿಚಿಕೊಂಡು ನಿಂತರು.

"ಅಕ್ಕ, ಏನಿದು?"

"ನೀವೇ ತಿರುವಿ ಹಾಕಿದ್ರಲ್ಲ ಮೇಡಂ."

"ನಾನು ಹೊಲಿಗೆ ನೋಡೋಕೆ ತಿರುವಿದ್ದು."

"ಬಿಚ್ಚಿ ಸರಿ ಮಾಡ್ತೀನಿ ಅನ್ನೋಣ ಅಂದ್ರೆ, ಕತ್ತರಿ ಹಾಕಿದ ಮೇಲೆ ಏನು ಬಿಚ್ಚೋದು? ಅಳು ಬಂದುಬಿಡ್ತು" ಎಂದು ಈಗ ಹೇಳುವಾಗಲೂ ಕಾಲರಕ್ಕನ ಕೈ ಮೆಷಿನ್ ಚಕ್ರದ ಮೇಲೆ ನಿಲ್ಲುತ್ತದೆ. ಟೆಂಪೋ ಖಾಲಿ ಹೋಯಿತು. ಬೇರೆ ದಾರಿಯಿಲ್ಲದೆ ಅಂಗಿಗಳನ್ನು ಬಾಗಿಲ ಬಳಿ ಇಟ್ಟರು. ಮುಂದಿನ ಶನಿವಾರದ ಹೊತ್ತಿಗೆ ಸ್ಟ್ಯಾಂಡ್ ಬರಿದಾಗಿತ್ತು. ಇನ್ನೂ ಇದೆಯಾ ಎಂದು ಈಗಲೂ ಕೇಳಿಕೊಂಡು ಬರುವವರಿದ್ದಾರೆ. ಚಿಕ್ಕ ಮೇಡಂ ಮಾತ್ರ ಭೇಷ್ ಅನ್ನಲಿಲ್ಲ, ಬೈಯಲೂ ಇಲ್ಲ. ರೂಮಿನ ಮಾತಂತೂ ಎತ್ತಲೇ ಇಲ್ಲ.

ಈಗ ಶಟರ್ ಏರುವ ಹೊತ್ತು. ಕಾಲರಕ್ಕ ಕೊನೆಯ ಪ್ಯಾಂಟಿಗೆ ಇಸ್ತ್ರಿ ಹಾಕಿ ಮುಗಿಸಿದ್ದಾರೆ. ತಿರುವಿದ ಬಟ್ಟೆ ತೂಗುವ ಗೋಡೆಯ ಕೊಕ್ಕೆ ಖಾಲಿ. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾರೆ, ಟೇಪು ಸುರುಳಿ ಸುತ್ತುತ್ತಾರೆ. "ಬೇಜಾರೇನಿಲ್ಲ. ಇಷ್ಟು ವರ್ಷ ಕೂರಿಸಿದ್ರು, ಅದೇ ದೊಡ್ಡದು. ಮನೇಲಿ ಕೂತು ಹೊಲಿದ್ರಾಯ್ತು" ಅನ್ನುತ್ತಾರೆ. ಬೇಜಾರು ಎದುರಿನ ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದೆ.

ಅಷ್ಟರಲ್ಲಿ ಬಾಗಿಲು ದಡಕ್ಕನೆ ತೆರೆಯುತ್ತದೆ. ಚಿಕ್ಕ ಮೇಡಂ. ಕೈಯಲ್ಲಿ ಒಂದು ಬಿಳಿ ಅಂಗಿ, ಅವರದೇ, ಕಾಲೇಜಿನ ಕಾಲದ್ದಂತೆ. ಒಳಮೈ ಹೊರಗೆ ಮಾಡಿದ್ದಾರೆ. ಚೀಲವನ್ನು ಒಮ್ಮೆ ನೋಡಿ, ಅಂಗಿಯನ್ನು ಖಾಲಿ ಕೊಕ್ಕೆಗೆ ತೂಗುಹಾಕುತ್ತಾರೆ.

"ಕಾಲರ್ ಹೋಗಿದೆ ಅಕ್ಕ. ಅವಸರ ಏನಿಲ್ಲ, ಮುಂದಿನ ವಾರ ಕೊಟ್ಟರೂ ನಡೆಯುತ್ತೆ."

"ಮುಂದಿನ ವಾರ ಅಂದ್ರೆ..."

"ಅದರ ಮುಂದಿನ ವಾರವಾದ್ರೂ ಸರಿ. ಕ್ಯೂಗೆ ಮೆಟ್ಟಿಲ ಕೆಳಗೆ ಪರದೆ ಕಟ್ಟಿಸಿ ಇನ್ನೊಂದು ಟ್ರಯಲ್ ರೂಮು ಮಾಡಿಸ್ತಾ ಇದೀನಿ."

ಕಾಲರಕ್ಕ ಚೀಲದಿಂದ ಕತ್ತರಿ ತೆಗೆದು ಮೆಷಿನ್ ಮೇಲೆ ಇಡುತ್ತಾರೆ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕೊಕ್ಕೆಯ ಅಂಗಿಗೆ ಕೈಹಾಕುತ್ತಾರೆ.

"ಮುಂದಿನ ವಾರ ಯಾಕೆ ಮೇಡಂ, ಮಧ್ಯಾಹ್ನಕ್ಕೆ ಕೊಡ್ತೀನಿ. ಹಾಗಾದ್ರೆ ಒಂದು ಕೆಲಸ ಮಾಡಿ, ಈ ಬಾಗಿಲಿಗೆ ಒಳಗಿಂದ ಒಂದು ಚಿಲಕ ಹಾಕಿಸಿಕೊಡಿ."