ಬಿಗಿದು ಸತ್ತ ಇಪ್ಪತ್ತು ಹೃದಯಗಳು

ಪ್ರಯೋಗಾಲಯದವರೆಲ್ಲ ಅವನನ್ನು ಕತ್ತರಿ ಮಾವ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಇಲಿಗಳ ಎದೆ ಸೀಳುವುದೇ ಕಸುಬು. ಅರಿವಳಿಕೆ ಕೊಟ್ಟು, ಪಕ್ಕೆಲುಬನ್ನು ಕಟಕ್ಕನೆ ಕತ್ತರಿಸಿ, ಬಡಿಯುತ್ತಿರುವ ಹೃದಯವನ್ನೇ ಕಿತ್ತು ಬಟ್ಟಲಿಗೆ ಹಾಕಬೇಕು. ರಕ್ತದ ವಾಸನೆ ಹೋಗುವುದಿಲ್ಲವೆಂದು ಹೆಂಡತಿ ಅವನ ಟವೆಲ್ಲನ್ನೇ ಬೇರೆ ಇಟ್ಟಿದ್ದಳು.

ಈ ಸಲ ಹೊಸ ಔಷಧ. ಹೃದಯದ ದಪ್ಪ ಗೋಡೆಯನ್ನು ತೆಳ್ಳಗೆ ಮಾಡುತ್ತದಂತೆ. ಇಪ್ಪತ್ತು ಇಲಿಗಳಿಗೆ ಔಷಧ, ಇಪ್ಪತ್ತಕ್ಕೆ ಬರೀ ನೀರು. ನಲವತ್ತನ್ನೂ ಒಂದೇ ದಿನ ಕೊಯ್ದ. ಔಷಧ ಕುಡಿದವುಗಳ ಗೋಡೆ ತೆಳ್ಳಗಿದ್ದದ್ದು ಕಂಡು ಡಾಕ್ಟರು ಕುಣಿದಾಡಿದರು. ಇನ್ನು ಮನುಷ್ಯರ ಮೇಲೆ ಪರೀಕ್ಷೆ! ಮೊದಲ ಪಟ್ಟಿಯಲ್ಲೇ ಹೃದಯದ ಗೋಡೆ ದಪ್ಪಗಾಗಿದ್ದ ಕತ್ತರಿ ಮಾವನ ಅಕ್ಕ. ಈಗಿನ ಮಾತ್ರೆ ಬಿಟ್ಟು ಇದನ್ನು ನುಂಗಬೇಕು.

"ನಿನ್ನ ಇಲಿ ಬದುಕಿದ್ರೆ ನಾನೂ ಬದುಕ್ತೀನಿ ಬಿಡೋ," ಎಂದು ಅಕ್ಕ ನಕ್ಕಳು.

ಅವನಿಗೆ ನಲವತ್ತನ್ನೂ ಕೊಯ್ದ ದಿನ ನೆನಪಾಯಿತು. ಹೃದಯವನ್ನು ಸಡಿಲವಾಗಿ ನಿಲ್ಲಿಸುವ ಪೊಟ್ಯಾಸಿಯಂ ದ್ರಾವಣ ಅಂದು ಬೆಳಗಿನ ಇಪ್ಪತ್ತಕ್ಕೇ ಮುಗಿದಿತ್ತು. "ಬೇಗ ಮುಗಿಸಯ್ಯ!" ಎಂದು ಡಾಕ್ಟರು ಗದರಿದ್ದರು. ಮಧ್ಯಾಹ್ನದವನ್ನು ಅವನು ಫ್ರಿಜ್ಜಿನ ಉಪ್ಪುನೀರಿಗೇ ಹಾಕಿದ್ದ. ಅವೆಲ್ಲ ಔಷಧ ಕಾಣದವು. ಮುಷ್ಟಿಯಂತೆ ಬಿಗಿದು ಸತ್ತ ಹೃದಯದ ಗೋಡೆ ದಪ್ಪಗಿರದೆ ಇನ್ನೇನು?

ಬಾಯಿಮಾತಿಗೆ ಬೆಲೆಯಿಲ್ಲ. ಔಷಧ ಮುಟ್ಟದ, ಒಂದೇ ತಾಯಿಯ ಎರಡು ಇಲಿಗಳನ್ನು ತಂದು ಡಾಕ್ಟರ ಎದುರೇ ಕೊಯ್ದ. ಅವರ ಬಿಳಿ ಕೋಟಿಗೆ ರಕ್ತ ಸಿಡಿಯಿತು. ಒಂದು ಹೃದಯ ಹೊಸದಾಗಿ ತರಿಸಿದ ದ್ರಾವಣಕ್ಕೆ, ಇನ್ನೊಂದು ಉಪ್ಪುನೀರಿಗೆ.

"ಅಳತೆ ತಗೊಳ್ಳಿ ಮೇಡಂ."

ಹೃದಯದ ಗೋಡೆ ಅಳೆಯುವ ಮೇಡಂ ಎರಡನ್ನೂ ಅಡ್ಡಕ್ಕೆ ಸೀಳಿ ನೋಡಿ ಬಿಳಿಚಿಕೊಂಡರು. "ಸಾರ್, ಉಪ್ಪುನೀರಿಂದು ಒಂದೂವರೆ ಪಟ್ಟು ದಪ್ಪ."

"ತಪ್ಪು ಮಾಡಿದ್ದು ನೀನು, ಈಗ ನನಗೇ ಪಾಠ ಹೇಳ್ತೀಯಾ?" ಡಾಕ್ಟರು ಗಾಜಿನ ಬಟ್ಟಲನ್ನೇ ಬೀಸಿದರು. ಅವನ ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು.

"ನಾನೇ ಮಾಡಿದ್ದು. ಹಾಗೇ ಬರೀರಿ. ಬೇಕಾದ್ರೆ ನನ್ನ ಎದೆ ಸೀಳಿ ಸಾರ್, ಅಕ್ಕನ ತಂಟೆಗೆ ಬರಬೇಡಿ."

ಡಾಕ್ಟರು ಬರೆಯಲಿಲ್ಲ. ಮೇಡಂ ಬರೆದು, ಸಹಿ ಹಾಕಿದರು. ಪಟ್ಟಿ ರದ್ದಾಯಿತು.

ವಾರದೊಳಗೆ ನಲವತ್ತು ಹೊಸ ಇಲಿಗಳು ಬಂದವು. ಒಂದು ಬಾಟಲಿ ದ್ರಾವಣವಿಲ್ಲದೆ ಮೊದಲಿನ ನಲವತ್ತು ದಂಡಕ್ಕೆ ಸತ್ತಿದ್ದವು. ಔಷಧ ಕುಡಿಸುವ ದಿನಗಳು ಮುಗಿದಾಗ ಹುಬ್ಬಿನ ಹೊಲಿಗೆಯ ಗುರುತು ಇನ್ನೂ ಮಾಸಿರಲಿಲ್ಲ. ಕತ್ತರಿ ಮಾವ ದ್ರಾವಣದ ಬಾಟಲಿಗಳನ್ನು ಎರಡು ಸಲ ಎಣಿಸಿದ. ಆಮೇಲೆ ಮೊದಲನೆಯ ಇಲಿಯ ಬೆನ್ನು ಹಿಡಿದೆತ್ತಿದ.