ಮೇಷ್ಟ್ರ ಎರಡು ವಾಚು, ವಾಚಕ್ಕನ ಒಂದು ಕಣ್ಣು

ಬೆಳಗಿನ ಐದೂಮುಕ್ಕಾಲು. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೆಟ್ಟಿಲ ಕೆಳಗಿನ ಶಟರ್ ಅರ್ಧಕ್ಕೆ ಏರಿ ನಿಲ್ಲುತ್ತದೆ. ಅರ್ಧವೇ ಸಾಕು, ಒಳಗೆ ಹೋಗುವವರು ಐದಡಿ ಮುಟ್ಟುವುದೂ ಅನುಮಾನ. ಅರವತ್ತಮೂರು ವರ್ಷದ ಈ ಹೆಂಗಸು ಮೇಜಿನ ದೀಪ ಹಾಕಿ, ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ಇನ್ನೊಂದು ತುದಿಯನ್ನು ಎರಡು ಕ್ಲಿಪ್ಪಿನಿಂದ ಮೇಜಿನ ಅಂಚಿಗೇ ಸಿಕ್ಕಿಸುತ್ತಾರೆ. ಕೈತಪ್ಪಿದ ತಿರುಪು ನೆಲಕ್ಕೆ ಹೋಗದೆ ಮಡಿಲಿಗೇ ಬೀಳಲಿ ಎಂದು. ಫ್ಯಾನ್ ಹಾಕುವುದಿಲ್ಲ. ಫ್ಲಾಸ್ಕಿನ ಟೀ ಕಡೆ ತಿರುಗಿಯೂ ನೋಡುವುದಿಲ್ಲ. ಬಲಗಣ್ಣಿಗೆ ಭೂತಗನ್ನಡಿಯ ಐಗ್ಲಾಸ್ ಏರಿಸಿ, ಅಂಗೈಯಗಲದ ಲೇತಿನ ಮುಂದೆ ಬಗ್ಗುತ್ತಾರೆ.

"ಆರೂಮುಕ್ಕಾಲಿಗೆ ಮೊದಲನೇ ಬಸ್ಸು ಸ್ಟಾರ್ಟ್ ಆಗತ್ತೆ. ಆಮೇಲೆ ನೆಲ ನಡುಗತ್ತೆ. ನಿಮಗೆ ಗೊತ್ತಾಗಲ್ಲ, ನನ್ನ ಲೇತಿಗೆ ಗೊತ್ತಾಗತ್ತೆ," ಎನ್ನುತ್ತಾರೆ. "ಸಣ್ಣ ಕೆಲಸ ಏನಿದ್ರೂ ಈ ಒಂದು ಗಂಟೇಲೇ. ಮಿಕ್ಕಿದ ಹೊತ್ತೆಲ್ಲ ಬ್ಯಾಟರಿ ಹಾಕೋದು, ಚೈನು ಚಿಕ್ಕದು ಮಾಡೋದು, ಊರಿನವರ ಮನೆ ಜಗಳ ಕೇಳೋದು."

ಲೇತಿನಲ್ಲಿ ತಿರುಗುತ್ತಿರುವುದು ಒಂದು ಉಕ್ಕಿನ ಕಡ್ಡಿ. ಎರಡೂ ತುದಿ ತಲೆಗೂದಲಿಗಿಂತ ತುಸುವೇ ದಪ್ಪ ಉಳಿಯುವವರೆಗೆ ಅದನ್ನು ಕೈಯಿಂದಲೇ ಕೆರೆಯಬೇಕು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ 'ಟಿಕ್' ಎಂದು ಸದ್ದು. ತುದಿ ಮುರಿದು ಮಡಿಲಲ್ಲಿ ಎಲ್ಲೋ ಬಿದ್ದಿದೆ. ವಾಚಕ್ಕ ಐಗ್ಲಾಸ್ ತೆಗೆದು ಕಣ್ಣು ಮುಚ್ಚಿಕೊಳ್ಳುತ್ತಾರೆ. "ಐದನೇದು," ಎನ್ನುತ್ತಾರೆ.

ವಾಚಕ್ಕ ಎಂದು ಹೆಸರಿಟ್ಟವರು ಎದುರಿನ ಬಸ್ ಕಂಡಕ್ಟರುಗಳು. ಈಗ ಸ್ವಂತ ಗಂಡನೂ ಫೋನಿನಲ್ಲಿ ಹಾಗೇ ಬರೆದುಕೊಂಡಿದ್ದಾರೆ. ಅವರು ಟೈಲರ್. ಮದುವೆಯಾಗಿ ನಲವತ್ತು ವರ್ಷವಾದರೂ ಒಂದು ದಿನ ಹೇಳಿದ ಹೊತ್ತಿಗೆ ಊಟಕ್ಕೆ ಬಂದವರಲ್ಲ ಎಂಬುದು ಹೆಂಡತಿಯ ದೂರು. ಈ ವಾಚು ರಿಪೇರಿ ಅಂಗಡಿ ಇದ್ದದ್ದು ಮಾವನದು. ಮಗನಿಗೆ ಕಸುಬು ಹತ್ತಲಿಲ್ಲ, ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಒಂದು ದಿನ ಹೊಸ ಸೊಸೆ ಅಕ್ಕಿ ಆರಿಸುವುದನ್ನು ಮಾವ ಬಾಗಿಲಲ್ಲಿ ನಿಂತು ನೋಡಿದರಂತೆ. ಮೊರದಲ್ಲಿ ಒಂದು ಕಲ್ಲೂ ತಪ್ಪಲಿಲ್ಲ. ಮರುದಿನವೇ, "ಬಾಮ್ಮಾ, ಅಂಗಡಿಗೆ ಹೋಗೋಣ," ಎಂದರು.

"ಎರಡು ವರ್ಷ ಬರೀ ಅಲಾರಂ ಗಡಿಯಾರ ಬಿಚ್ಚಿಸಿದ್ರು. ಹೆಂಗಸು ರಿಪೇರಿ ಮಾಡ್ತಾಳಾ ಅಂತ ಗಿರಾಕಿ ವಾಪಸ್ ಹೋಗೋರು. ಮಾವ ಏನ್ಮಾಡ್ತಿದ್ರು ಗೊತ್ತಾ? ವಾಚು ತಾವೇ ಇಸ್ಕೊಂಡು, ಹಿಂದುಗಡೆ ನನ್ನ ಕೈಗೆ ಕೊಟ್ಟು, ಆಮೇಲೆ 'ನಮ್ಮ ಹುಡುಗಿ ಮಾಡಿದ್ದು' ಅಂತ ಎಲ್ಲರ ಎದುರಿಗೆ ಹೇಳೋರು. ನನ್ನಪ್ಪನೂ ಅಷ್ಟು ಮಾಡ್ತಿರ್ಲಿಲ್ಲ. ದಿನಾ ಶಟರ್ ಎತ್ತುವಾಗ ಅವರನ್ನ ನೆನೆಸ್ಕೊಂಡೇ ಎತ್ತೋದು."

ಮೂವತ್ತೆಂಟು ವರ್ಷ. ಒಂದು ಕಾಲಕ್ಕೆ ದಿನಕ್ಕೆ ಇಪ್ಪತ್ತು ವಾಚು ಬರುತ್ತಿದ್ದವು, ಈಗ ಆರೋ ಏಳೋ. ಅದರಲ್ಲೂ ಕೀ ಕೊಡುವ ವಾಚು ವಾರಕ್ಕೆ ಎರಡು ಬಂದರೆ ಹೆಚ್ಚು. ಹೋದ ವರ್ಷ ಬಲಗಣ್ಣಿಗೆ ಪೊರೆ ಬಂತು. ಕೆಲಸದ ಕಣ್ಣು ಅದೇ. ತಿರುಪಿನ ಗೆರೆ ಎರಡೆರಡಾಗಿ ಕಾಣತೊಡಗಿದ ಮೇಲೆ ಮಗಳು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಪೊರೆ ತೆಗೆದು ಹೊಸ ಲೆನ್ಸ್ ಕೂರಿಸಿ ಮೂರು ತಿಂಗಳಾಯಿತು. ಆ ಡಾಕ್ಟರಮ್ಮನ ಕೈ ಚೆನ್ನಾಗಿರಲಿ ಎಂದು ದಿನಕ್ಕೊಮ್ಮೆಯಾದರೂ ವಾಚಕ್ಕನ ಬಾಯಲ್ಲಿ ಬರುತ್ತದೆ. "ಕೇಸು ಹಳೇದೇ, ಗಾಜು ಮಾತ್ರ ಹೊಸದು," ಎಂದು ತಮ್ಮ ಮುಖ ತೋರಿಸಿ ನಗುತ್ತಾರೆ.

ಈಜು ಮೇಷ್ಟ್ರು ಅಂಗಡಿಗೆ ಬಂದದ್ದು ಮೂರು ವಾರದ ಹಿಂದೆ. ಅವರಿಗೆ ಎಪ್ಪತ್ತೈದು. ಊರಿನ ಈಜುಕೊಳದಲ್ಲಿ ನಲವತ್ತೆಂಟು ವರ್ಷ ಮಕ್ಕಳಿಗೆ ಈಜು ಕಲಿಸಿದವರು. ಅವರ ಎಡಗೈಯಲ್ಲಿ ಸದಾ ಒಂದೇ ಸ್ಟೀಲಿನ ಸ್ಪೋರ್ಟ್ಸ್ ವಾಚು. ಅದನ್ನು ಮಾಡಿದ ಕಂಪನಿ ಈಗ ಅದೇ ಮಾದರಿಯನ್ನು ಹಳೆಯ ಚಹರೆಯಲ್ಲೇ ಮತ್ತೆ ಹೊರತಂದಿದೆ. ಹಳೆಯ ಶಿಷ್ಯರೆಲ್ಲ ಸೇರಿ ಅದನ್ನು ಕೊಂಡು, ಸಣ್ಣದೊಂದು ಸಮಾರಂಭ ಮಾಡಿ, ಮೇಷ್ಟ್ರ ಕೈಗೆ ಕಟ್ಟಿದರು. ಹಾಗೆ ಕಟ್ಟುವಾಗ ಬಿಚ್ಚಿ ಮೇಜಿನ ಮೇಲಿಟ್ಟ ಹಳೆಯದು ಜಾರಿ ಕಲ್ಲುನೆಲಕ್ಕೆ ಬಿತ್ತು. ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮೇಷ್ಟ್ರಿಗೆ ಕೇಳಿತು. ಆದರೂ ಫೋಟೋ ಮುಗಿಯುವವರೆಗೂ ಹಲ್ಲು ಬಿಟ್ಟುಕೊಂಡೇ ನಿಂತಿದ್ದರು.

"ಹುಡುಗರಿಗೆ ಹೇಳೋದು ಹೇಗಮ್ಮ? ಅಷ್ಟು ಪ್ರೀತಿಯಿಂದ ಕೊಟ್ಟಿದಾರೆ. ಹಳೇದನ್ನ ಫ್ರೇಮಿಗೆ ಹಾಕ್ಸಿ ಗೋಡೆಗೆ ಹಾಕಿ ಅಂತಾರೆ. ನಾನು ಇನ್ನೂ ಗೋಡೆಗೆ ಹೋಗಿಲ್ಲ, ನನ್ನ ವಾಚು ಯಾಕೆ ಹೋಗ್ಬೇಕು?" ಎಂದು ಮೇಷ್ಟ್ರು ಎರಡನ್ನೂ ಮೇಜಿನ ಮೇಲಿಟ್ಟರು. ಕಂಪನಿಯ ಸರ್ವಿಸ್ ಸೆಂಟರಿನವರು, ಈ ಭಾಗ ಬರುವುದು ನಿಂತು ಎಷ್ಟೋ ವರ್ಷವಾಯಿತು ಎಂದು ಕೈ ಎತ್ತಿಬಿಟ್ಟಿದ್ದರು. "ಇದೆಲ್ಲ ಪೇಪರಲ್ಲಿ ಬಂದ್ರೆ ನಿಮ್ಮ ಶಿಷ್ಯರು ಓದ್ತಾರಲ್ಲ ಮೇಷ್ಟ್ರೇ?" ಎಂದು, ಪೇಪರಿಗೆ ಬರೆಯಲು ಹೋದ ನಾನು ಕೇಳಿದರೆ, "ಬರೀಲಿ ಬಿಡಿ, ನನ್ನ ಬಾಯಲ್ಲಿ ಹೇಳೋದು ತಪ್ಪತ್ತೆ," ಎನ್ನುತ್ತಾರೆ.

ವಾಚಕ್ಕ ಎರಡನ್ನೂ ಬಿಳಿ ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ದೂರದಿಂದ ಅವಳಿ ಜವಳಿ. ಹತ್ತಿರ ಬಂದರೆ ಹೊಸದು ತಿಂದುಂಡು ಮೈ ಬಂದಂತೆ ಮೂರು ಮಿಲಿಮೀಟರ್ ದಪ್ಪ. ಹಳೆಯದರ ಗಾಜು ಪ್ಲಾಸ್ಟಿಕ್ಕು, ಉಗುರು ತಾಕಿದರೂ ಗೀರು. ಹೊಸದರ ಗಾಜಿಗೆ ಬ್ಲೇಡು ಎಳೆದರೂ ಏನೂ ಆಗದು. ಹಳೆಯದಕ್ಕೆ ದಿನಾ ಬೆಳಿಗ್ಗೆ ಕೀ ಕೊಡಬೇಕು, ಹೊಸದು ಕೈ ಬೀಸಿದರೆ ತಾನೇ ತುಂಬಿಕೊಳ್ಳುತ್ತದೆ. ಹಳೆಯದು ಸೆಕೆಂಡಿಗೆ ಐದು ಹೆಜ್ಜೆ ಇಟ್ಟರೆ ಹೊಸದು ಎಂಟು. ಹಳೆಯದರ ಚೈನು ಟೊಳ್ಳು, ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಕತ್ತಲೆಯಲ್ಲಿ ಹೊಳೆಯಬೇಕಾದ ಅದರ ಚುಕ್ಕಿಗಳು ಐವತ್ತು ವರ್ಷದಲ್ಲಿ ಹಳದಿ ತಿರುಗಿವೆ. ಹೊಸದರಲ್ಲಿ ಆ ಹಳದಿಯನ್ನೇ ಕಾರ್ಖಾನೆಯಲ್ಲಿ ಬಳಿದು ಕಳಿಸಿದ್ದಾರೆ.

"ಇದೊಂದು ನನಗೆ ನಗು ಬರತ್ತೆ," ಎನ್ನುತ್ತಾರೆ ವಾಚಕ್ಕ. "ಹುಟ್ಟಿದ ಮಗೂಗೆ ಬಿಳಿ ಕೂದಲು ಅಂಟಿಸ್ದಂಗೆ. ಆದ್ರೆ ಸುಳ್ಳು ಹೇಳ್ಬಾರ್ದು, ಮೆಷಿನ್ ಅಂತ ನೋಡಿದ್ರೆ ಹೊಸದೇ ಮೇಲು. ದಿನಕ್ಕೆ ನಾಲ್ಕು ಸೆಕೆಂಡು ಹೆಚ್ಚುಕಮ್ಮಿ ಆದ್ರೆ ಜಾಸ್ತಿ. ನೀರಿಗೆ ಹಾಕಿದ್ರೂ ಒಳಗೆ ಹನಿ ಹೋಗಲ್ಲ. ಮೇಷ್ಟ್ರ ಹಳೇದು ಅರ್ಧ ಕೊಳ ಕುಡಿದಿದೆ."

ಇದನ್ನು ಕೇಳಿ ಮೇಷ್ಟ್ರ ಮುಖ ಸಪ್ಪಗಾಯಿತು. ವಾಚಕ್ಕ ಅದನ್ನು ಗಮನಿಸಿ, ಎಲ್ಲ ಗಿರಾಕಿಗಳನ್ನೂ ಕೇಳುವ ಪ್ರಶ್ನೆ ಕೇಳಿದರು. "ಯಾವ ಗೀರು ಇರ್ಬೇಕು, ಯಾವುದು ಹೋಗ್ಬೇಕು, ಈಗ್ಲೇ ಹೇಳ್ಬಿಡಿ." ಕಸುಬಿಗೆ ಬಂದ ಹೊಸತರಲ್ಲಿ ಯಾವುದೋ ತಾಯಿಯೊಬ್ಬಳ ವಾಚನ್ನು ಫಳಫಳ ಹೊಳೆಯಲಿ ಎಂದು ಪಾಲಿಶ್ ಹೊಡೆದು, ಅವಳ ಮಗ ಮೊಳೆಯಲ್ಲಿ ಕೆತ್ತಿದ್ದ ಹೆಸರನ್ನೂ ಒರೆಸಿಹಾಕಿ ಬೈಸಿಕೊಂಡಿದ್ದರು. ಅಂದಿನಿಂದ ಕೇಳದೆ ಪಾಲಿಶ್ ಮುಟ್ಟಿಸಿಲ್ಲ. ಮೇಷ್ಟ್ರು ಗಾಜಿನ ಸುತ್ತ ತಿರುಗುವ ಬಳೆಯ ಮೇಲೆ ಬೆರಳಿಟ್ಟರು. ಅಲ್ಲಿ ಅರದಿಂದ ತೋಡಿದ ಒಂದು ಕಚ್ಚು. ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀರಿನಲ್ಲಿ ನಿಂತಾಗ ವಾಚು ನೋಡಲಾಗದು, ಮಗು ಒಂದು ಸಲ ತೇಲಿದರೆ ಬಳೆಯನ್ನು ಒಂದು ಹಲ್ಲು ತಿರುಗಿಸಿ, ಹೆಬ್ಬೆರಳಿಗೆ ಆ ಕಚ್ಚು ಎಲ್ಲಿ ತಾಕಿತೆಂಬುದರಿಂದ ಎಷ್ಟು ಸಲವಾಯಿತೆಂದು ಲೆಕ್ಕ ಇಡುತ್ತಿದ್ದರು. "ಇದೊಂದು ಇರ್ಲಿ. ಹೊಸದ್ರಲ್ಲಿ ಹೆಬ್ಬೆರಳು ದಿನಾ ಇದನ್ನೇ ಹುಡುಕತ್ತೆ," ಎಂದರು.

ಹಾಗೆ ಹಿಡಿಸಿಕೊಂಡ ಮಕ್ಕಳಲ್ಲಿ ವಾಚಕ್ಕನ ಮಗಳೂ ಒಬ್ಬಳು. ಎಂಟನೇ ವಯಸ್ಸಿನಲ್ಲಿ ಅವಳಿಗೆ ಉಬ್ಬಸ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೇಷ್ಟ್ರು ಒಂದಿಡೀ ತಿಂಗಳು ಅವಳ ಬೆನ್ನ ಕೆಳಗೆ ಅಂಗೈ ಇಟ್ಟು ನೀರಿನ ಮೇಲೆ ತೇಲಿಸಿದರು, ಒಂದು ದಿನವೂ ಬೇಸರಿಸಲಿಲ್ಲ. "ನನ್ನ ಮಗಳು ಇವತ್ತು ಮೂರನೇ ಮಹಡಿ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಹೋಗ್ತಾಳೆ. ಈ ಋಣ ಹೇಗೆ ತೀರಿಸ್ಲಿ ಅಂತಿದ್ದೆ. ವಾಚು ಮೇಜಿನ ಮೇಲೆ ಬಂದಾಗ, ಅಬ್ಬಾ, ಕೊನೆಗೂ ನನ್ನ ಕೈಲಾಗೋದೊಂದು ಬಂತಲ್ಲ ಅನ್ನಿಸ್ತು," ಎನ್ನುತ್ತಾರೆ ವಾಚಕ್ಕ.

ಮುರಿದದ್ದು ವಾಚಿನ ಎದೆಯ ಭಾಗ. ಅತ್ತಿತ್ತ ಓಲಾಡುವ ಚಕ್ರವನ್ನು ಹೊತ್ತು ನಿಲ್ಲುವ ಉಕ್ಕಿನ ಕಡ್ಡಿ, ಕಸುಬಿನವರ ಬಾಯಲ್ಲಿ 'ಸ್ಟಾಫು'. ಸಿಗದಿದ್ದರೆ ಮಾಡಬೇಕು. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನ ಹಾಗೆ ಗಡುಸಾಗುತ್ತದೆ. ಆ ಗಡುಸು ತಗ್ಗಲು ಮತ್ತೆ ಮೆಲ್ಲಗೆ ಕಾಯಿಸಬೇಕು. ಕಾದಂತೆಲ್ಲ ಮೈಬಣ್ಣ ಹಳದಿಯಾಗಿ, ಕಂದುಬಣ್ಣವಾಗಿ, ನೇರಳೆಯಾಗಿ, ಕೊನೆಗೆ ನೀಲಿಗೆ ತಿರುಗುತ್ತದೆ. ನೀಲಿ ಬಂದ ಗಳಿಗೆಗೆ ಸರಿಯಾಗಿ ಬೆಂಕಿಯಿಂದ ತೆಗೆಯಬೇಕು. ಅದಕ್ಕೆ ಮಾಪಕವಿಲ್ಲ, ಕಣ್ಣೇ ಮಾಪಕ. ಆಮೇಲೆ ಲೇತಿಗೆ. ಜೀವಮಾನದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಸ್ಟಾಫು ಮಾಡಿದ ಕೈ ಇದು. ಆಪರೇಷನ್ ಆದ ಮೇಲೆ ಮಾಡುತ್ತಿರುವುದು ಇದೇ ಮೊದಲು. ಒಂದರ ಹಿಂದೊಂದು ಮುರಿಯುತ್ತ ಬಂದವು.

ಐದನೆಯದು ಮುರಿದ ಆ ಬೆಳಿಗ್ಗೆ ವಾಚಕ್ಕ ಬಲಗೈಯನ್ನು ದೀಪದ ಕೆಳಗೆ ಚಾಚಿ ಬಹಳ ಹೊತ್ತು ನೋಡುತ್ತಾರೆ. ನಡುಗುತ್ತಿದೆಯೇ? ಹಾಗೇನೂ ಕಾಣುವುದಿಲ್ಲ. ಆದರೆ ಮುರಿಯುತ್ತಿದೆಯಲ್ಲ. ಮೇಲಿನ ಮಹಡಿಯಲ್ಲಿರುವ ಕಟ್ಟಡದ ಯಜಮಾನರಿಗೆ ಫೋನ್ ಮಾಡಿ, ಮುಂದಿನ ತಿಂಗಳಿಂದ ಜಾಗವನ್ನು ಬೇರೆಯವರಿಗೆ ಕೊಡಿ ಎಂದು ಹೇಳಿಯೇಬಿಡುತ್ತಾರೆ. "ಬ್ಯಾಟರಿ ಹಾಕೋಕೆ ನಾನೇ ಬೇಕಾ? ಸ್ಟಾಫು ಮಾಡಕ್ಕೆ ಬರಲ್ಲ ಅಂದ್ಮೇಲೆ ಮಾವನ ಕುರ್ಚೀಲಿ ಕೂರೋ ಮುಖ ನನಗಿಲ್ಲ. ಮೇಷ್ಟ್ರಿಗೆ ಏನಂತ ಹೇಳ್ಲಿ, ಅದೊಂದೇ ಸಂಕಟ." ಫ್ಲಾಸ್ಕಿನ ಟೀ ಹಾಗೇ ಮನೆಗೆ ವಾಪಸ್ ಹೋಗುತ್ತದೆ.

ಸಂಜೆ ಮಗಳು ಹಗ್ಗದ ಮೇಲಿನ ಬಟ್ಟೆ ತಂದು ಮಂಚಕ್ಕೆ ಹಾಕುತ್ತಾಳೆ. ಮನಸ್ಸು ಸರಿಯಿಲ್ಲದ ಅಮ್ಮನಿಗೆ ಬೈಯಲು ಏನಾದರೊಂದು ಬೇಕಲ್ಲ. "ಅಪ್ಪನ ಬಿಳಿ ಅಂಗಿಗೆ ಇಷ್ಟೊಂದು ನೀಲಿ ಹಾಕ್ತಾರೇನೇ? ನೋಡು ಹೇಗಾಗಿದೆ!"

"ನಾನು ನೀಲೀನೇ ಹಾಕಿಲ್ಲಮ್ಮ. ಡಬ್ಬ ಖಾಲಿಯಾಗಿ ಹದಿನೈದು ದಿನ ಆಯ್ತು. ನಿನಗೆ ಆಪರೇಷನ್ ಆದಾಗಿಂದ ಎಲ್ಲಾ ನೀಲೀನೇ. ಡಾಕ್ಟ್ರು ಅವತ್ತೇ ಹೇಳಿರ್ಲಿಲ್ವಾ, ಹಳೇ ಕಣ್ಣು ಹಳದಿಯಾಗಿತ್ತು, ಇನ್ಮೇಲೆ ಬಣ್ಣ ಬೇರೆ ಥರ ಕಾಣತ್ತೆ ಅಂತ?"

ವಾಚಕ್ಕ ಅಂಗಿಯನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಲ್ಲುತ್ತಾರೆ. ಮೊದಲು ಎಡಗಣ್ಣು ಮುಚ್ಚಿ ನೋಡುತ್ತಾರೆ, ಆಮೇಲೆ ಬಲಗಣ್ಣು. ಎಡಗಣ್ಣಿಗೆ ಅಂಗಿ ಬೆಣ್ಣೆಯ ಬಣ್ಣ, ಬಲಗಣ್ಣಿಗೆ ನೀಲಿ ಅದ್ದಿದ ಬಿಳಿ. ಹಾಗಾದರೆ ಬೆಂಕಿಯ ಮೇಲಿನ ಉಕ್ಕು? ಅದು ನೇರಳೆಯಲ್ಲಿರುವಾಗಲೇ ಈ ಹೊಸ ಕಣ್ಣಿಗೆ ನೀಲಿಯಾಗಿ ಕಂಡಿದೆ. ಅವರು ಐದು ಸಲವೂ ಬೇಗ ತೆಗೆದಿದ್ದಾರೆ. ಗಡುಸು ಇಳಿಯದೆ ಉಳಿದ ಕಡ್ಡಿ ಇನ್ನೇನು ಮಾಡೀತು?

"ಅಯ್ಯೋ ನನ್ನಮ್ಮಾ!" ಎಂದು ಮಗಳನ್ನು ತಬ್ಬಿಕೊಳ್ಳುತ್ತಾರೆ. "ಕೈ ಕೆಟ್ಟಿಲ್ಲ ಕಣೇ. ಕಣ್ಣು ಚೆನ್ನಾಗಾಗಿದೆ, ಅಷ್ಟೇ!" ಅಂದು ಸಮಯಕ್ಕೆ ಸರಿಯಾಗಿ ಊಟಕ್ಕೆ ಬಂದ ಗಂಡನನ್ನು ಯಾರೂ ಗಮನಿಸುವುದಿಲ್ಲ.

ಮರುದಿನ ಐದೂವರೆಗೇ ಶಟರ್ ಏರುತ್ತದೆ. ಮೇಷ್ಟ್ರ ಎರಡೂ ವಾಚಿನ ಹೊಟ್ಟೆಯಲ್ಲಿ ನೀಲಿ ತಿರುಪುಗಳಿವೆ. ಹೊಸದರದು ಬಣ್ಣ ಬಳಿದ ನೀಲಿ, ಇಲ್ಲಿ ಪ್ರಯೋಜನಕ್ಕೆ ಬಾರದು. ಹಳೆಯದರದು ಐವತ್ತು ವರ್ಷದ ಹಿಂದೆ ಯಾರೋ ಬೆಂಕಿಯಲ್ಲಿ ಕಾಯಿಸಿ ಬರಿಸಿದ ನೀಲಿ. ವಾಚಕ್ಕ ಅದರಿಂದ ಒಂದು ತಿರುಪನ್ನು ಚಿಮಟದಲ್ಲಿ ತೆಗೆದು ಬಿಳಿ ಕಾಗದದ ಮೇಲೆ ದೀಪದ ಪಕ್ಕದಲ್ಲೇ ಇಡುತ್ತಾರೆ. ಈಗ ನೀಲಿ ಯಾವುದೆಂದು ಕಣ್ಣು ಹೇಳಬೇಕಿಲ್ಲ, ತಿರುಪು ಹೇಳಿದರಾಯಿತು. ಕಡ್ಡಿ ಕಾಯುತ್ತದೆ. ನಿನ್ನೆಯವರೆಗೂ ತೆಗೆಯುತ್ತಿದ್ದ ಬಣ್ಣ ಬರುತ್ತದೆ, ಕೈ ತೆಗೆಯಲು ಹಾತೊರೆಯುತ್ತದೆ, ವಾಚಕ್ಕ ತಡೆದುಕೊಳ್ಳುತ್ತಾರೆ. ಒಂದು, ಎರಡು, ಮೂರು ಉಸಿರು. ಕಡ್ಡಿಯ ಬಣ್ಣವೂ ತಿರುಪಿನ ಬಣ್ಣವೂ ಒಂದಾದಾಗ ತೆಗೆಯುತ್ತಾರೆ.

ಆರೂವರೆಗೆ ಸ್ಟಾಫು ಸಿದ್ಧ, ಎರಡೂ ತುದಿ ನೆಟ್ಟಗೆ. ಚಕ್ರ ಕೂರಿಸಿ, ಕೀ ಕೊಟ್ಟು, ವಾಚನ್ನು ಕಿವಿಗೆ ಹಿಡಿದಾಗ ಸೆಕೆಂಡಿಗೆ ಐದು ಹೆಜ್ಜೆ. ವಾಚಕ್ಕ ಅಳುತ್ತಾರೆ. ಮುಚ್ಚಿಟ್ಟುಕೊಳ್ಳುವುದೂ ಇಲ್ಲ. ಎದುರು ಬಸ್ಸು ಸ್ಟಾರ್ಟ್ ಆಗುವ ಹೊತ್ತಿಗೆ ಯಜಮಾನರಿಗೆ ಮತ್ತೆ ಫೋನ್ ಹೋಗುತ್ತದೆ. "ನಿನ್ನೆ ಹೇಳಿದ್ದು ಮರ್ತುಬಿಡಿ ಸಾರ್." ನಿದ್ದೆಗಣ್ಣಿನಲ್ಲಿದ್ದ ಯಜಮಾನರು, "ನಿನ್ನೆ ಏನು ಹೇಳಿದ್ರಿ?" ಎಂದು ಕೇಳುತ್ತಾರೆ.

ವಾರವಿಡೀ ಪರೀಕ್ಷಿಸಿದ ಮೇಲೆ ಮೇಷ್ಟ್ರನ್ನು ಕರೆಸುತ್ತಾರೆ. ದಿನಕ್ಕೆ ಹದಿನೆಂಟು ಸೆಕೆಂಡು ಮುಂದೆ ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಮೇಷ್ಟ್ರಿಗೆ ಅದು ಕೇಳಿಸುವುದೇ ಇಲ್ಲ, ಹೆಬ್ಬೆರಳು ಆಗಲೇ ಕಚ್ಚಿನ ಮೇಲಿದೆ. "ಶಿಷ್ಯರಿಗೆ ಎಡಗೈ, ನನಗೆ ಬಲಗೈ," ಎಂದು ಎರಡೂ ಕೈಗೆ ಒಂದೊಂದು ಕಟ್ಟಿಕೊಳ್ಳುತ್ತಾರೆ. ಆಮೇಲೆ ವಾಚಕ್ಕನ ಕೈ ಹಿಡಿದುಕೊಳ್ಳುತ್ತಾರೆ. "ನೀವು ನನ್ನ ಮಗಳನ್ನ ಹಿಡ್ಕೊಂಡ್ರಲ್ಲ ಮೇಷ್ಟ್ರೇ, ಅದರ ಮುಂದೆ ಇದೇನು," ಎನ್ನುತ್ತಾರೆ ವಾಚಕ್ಕ.

ಅವರು ಹೋದ ಮೇಲೆ ಫ್ಲಾಸ್ಕು ತೆರೆಯುತ್ತದೆ. ವಾಚು ಬಿಚ್ಚಿದವರು ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಲ್ಲಿ ತಮ್ಮ ಗುರುತು, ತಾರೀಖು ಗೀಚುವುದು ಈ ಕಸುಬಿನ ರೂಢಿ. ಗಿರಾಕಿಗೆ ಅದು ಯಾವತ್ತೂ ಕಾಣದು, ಮುಂದೆ ಬಿಚ್ಚುವ ರಿಪೇರಿಯವರಿಗಷ್ಟೇ ಕಾಣುವುದು. ಮೇಷ್ಟ್ರ ವಾಚಿನಲ್ಲೂ ಬರೆದಿರಾ ಎಂದು ಕೇಳಿದರೆ, ವಾಚಕ್ಕ ಲೋಟಕ್ಕೆ ಟೀ ಬಗ್ಗಿಸುತ್ತಾ ತಲೆಯಾಡಿಸುತ್ತಾರೆ.

"ಹೂಂ, ಬರ್ದೆ. ಆದಷ್ಟು ಚಿಕ್ಕದಾಗಿ, ಒಂದು ಮೂಲೇಲಿ. ನಾಲ್ಕೈದು ವರ್ಷಕ್ಕೆ ಮತ್ತೆ ಬಿಚ್ಚಿ ಎಣ್ಣೆ ಹಾಕ್ಬೇಕಾಗತ್ತೆ. ಆಗಲೂ ನಾನೇ ತಾನೇ ಬಿಚ್ಚೋದು? ಬರ್ಯಕ್ಕೆ ಜಾಗ ಬೇಕಲ್ಲ."